ಆ ಖಾಲಿ ಕಾಲಂ ಬಗ್ಗೆ

ಮಲ್ಲೇಶ್ವರ, ಬೆಂಗಳೂರು

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಮಿಕ್ಕ ವಿಷಯವೆಲ್ಲ ನಿಮ್ಮಮ್ಮನ ಹತ್ತಿರ ಮಾತಾಡಿ ಆಗಿದೆ, ಇಲ್ಲಿ ಬರೆಯುವುದಿಲ್ಲ. ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. ಕಾಲೇಜಿನವರು ಪ್ರೊಫೈಲಿಗೆ ಅಂತ ಫಾರಂ ಕೊಟ್ಟರು, ಅದರಲ್ಲಿ ‘ಸಂಶೋಧನಾ ಆಸಕ್ತಿ’ ಅನ್ನುವ ಕಾಲಂ ಖಾಲಿ ಬಿಟ್ಟೆ ಅಂದಿದ್ದೀಯ. ಅದು ಇರಲಿ. ಅದರ ಕೆಳಗೆ, "ನನಗೆ ನಿಜವಾಗಿ ಯಾವ ಆಸಕ್ತಿಯೂ ಇಲ್ಲವೇನೋ ಅಂತ ಭಯವಾಗುತ್ತದೆ ದೊಡ್ಡಮ್ಮ" ಅಂತ ಬರೆದಿದ್ದೀಯಲ್ಲ, ಅದು. ಓದಿ ಮಡಚಿಟ್ಟೆ. ಸಾರಿಗೆ ಒಗ್ಗರಣೆ ಹಾಕುವಾಗ ಮತ್ತೆ ಅದೇ ನೆನಪು.

ಪಕ್ಕದ ಟೇಬಲ್ಲಿನವರು ಜೀನೋಮಿಕ್ಸ್, ಎಐ ಅಂತ ಮೂರು ಸಾಲು ತುಂಬಿದ್ದಾರಂತೆ. ತುಂಬಲಿ ಬಿಡು. ಅದರಲ್ಲಿ ಎಷ್ಟನ್ನು ಫಾರಂ ಕೈಗೆ ಬಂದ ಮೇಲೆ ಯೋಚಿಸಿದರೋ. ನಾನೂ ಮೆಡಿಕಲ್ ಕಾಲೇಜಿನಲ್ಲೇ ತಲೆ ನರೆಸಿಕೊಂಡವಳು. ಅಸೋಸಿಯೇಟ್ ಪ್ರೊಫೆಸರ್ ಆಗಬೇಕಾದರೆ ಎರಡು ಸಂಶೋಧನಾ ಪೇಪರ್ ಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ನಿಯಮ ಇದೆ. ಬೇಗ ಪೇಪರ್ ಆಗುವಂಥದ್ದನ್ನೇ ಆಸಕ್ತಿ ಅಂತ ಬರೆಯುವವರು ಬೇಕಾದಷ್ಟು ಜನ. ತಪ್ಪು ಅನ್ನುವುದಿಲ್ಲ, ಸಂಸಾರ ನಡೆಯಬೇಕಲ್ವಾ.

ನಮ್ಮ ಕಾಲದ್ದು ಹೇಳುತ್ತೇನೆ. ನನ್ನ ಮೈಕ್ರೋಸ್ಕೋಪಿನ ಕೆಳಗೆ ಬಾಯಿ ಕ್ಯಾನ್ಸರಿನ ಬಯಾಪ್ಸಿಗಳು ದಂಡಿಯಾಗಿ ಬರುತ್ತಿದ್ದವು. ಹೆಂಗಸರದೇ ಜಾಸ್ತಿ. ಪುಸ್ತಕದಲ್ಲಿ ನೋಡಿದರೆ ಇದು ಗಂಡಸರ ಕಾಯಿಲೆ ಅಂತ ಇರುತ್ತಿತ್ತು. ಇಲ್ಲಿ ಕೋಲಾರದ ಕಡೆಯ ಅಜ್ಜಿ, ಕನಕಪುರದ ಕಡೆಯ ಅಜ್ಜಿ, ಕೆನ್ನೆಯ ಒಳಗೆ ಹುಣ್ಣು. ಹೊಗೆಸೊಪ್ಪನ್ನು ಯಾವ ಕಡೆ ಒತ್ತಿಕೊಳ್ಳುತ್ತಿದ್ದರು ಅಂತ ಕೇಳಬೇಕು ಅನ್ನಿಸುತ್ತಿತ್ತು. ಬಯಾಪ್ಸಿ ಜೊತೆ ಬರುವ ಚೀಟಿಯಲ್ಲಿ ವಯಸ್ಸು, ಲಿಂಗ, ಬಾಯಿಯ ಯಾವ ಜಾಗ, ಅಷ್ಟೇ. ನಮ್ಮ ಪ್ರೊಫೆಸರ್ ಹತ್ತಿರ ಹೇಳಿದರೆ, "ಅದೆಲ್ಲ ಕಮ್ಯುನಿಟಿ ಮೆಡಿಸಿನ್‌ನವರ ಕೆಲಸ, ನೀನು ಅಪರೂಪದ ಕೇಸ್ ಬಂದರೆ ಬರಿ" ಅಂದರು. ಅಪರೂಪದ ಕೇಸುಗಳನ್ನೇ ಬರೆದೆ. ಪ್ರೊಫೆಸರೂ ಆದೆ. ಈಗ ಅವನ್ನು ಯಾರೂ ಓದುವುದಿಲ್ಲ.

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ರಿಜಿಸ್ಟ್ರಿ, ಅಂದರೆ ಊರಿನ ಕ್ಯಾನ್ಸರ್ ರೋಗಿಗಳ ದಾಖಲೆ, ಇದೆ, ನಿನಗೆ ಗೊತ್ತಲ್ಲ. ಅಲ್ಲಿಯವರು 1990ರಲ್ಲಿ ಬಾಯಿ ಕ್ಯಾನ್ಸರ್ ಬಗ್ಗೆ ಒಂದು ಪೇಪರ್ ಪ್ರಕಟಿಸಿದರು. ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ ಅವರು ಏನೇನು ಕೇಳಿದರು ನೋಡು. ಎಷ್ಟು ವರ್ಷದಿಂದ ಜಗಿಯುತ್ತೀರಿ, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಬಾಯಲ್ಲಿ ಇರುತ್ತದೆ. ಮಲಗುವಾಗಲೂ ಬಾಯಲ್ಲೇ ಇರುತ್ತದಾ? ಹಾಗೆ ಮಲಗುವವರಲ್ಲಿ ಅಪಾಯ 17 ಪಟ್ಟಿಗಿಂತ ಜಾಸ್ತಿ ಕಂಡಿತು. ಹೊಗೆಸೊಪ್ಪು ಸೇರಿಸಿ ಎಲೆಅಡಿಕೆ ಹಾಕುವ ಹೆಂಗಸರಲ್ಲಿ ಸುಮಾರು 25 ಪಟ್ಟು. ರಾಗಿ ತಿನ್ನುತ್ತೀರಾ ಅಂತಲೂ ಕೇಳಿದ್ದರು. ರಾಗಿ ತಿನ್ನುವವರಲ್ಲಿ ಅಪಾಯ ಜಾಸ್ತಿ ಇರುವಂತೆ ಕಂಡಿತು, ಕಾರಣ ಏನೋ. ನಮ್ಮಜ್ಜಿ ರಾತ್ರಿ ಎಲೆಅಡಿಕೆಯನ್ನು ದವಡೆಗೆ ಒತ್ತಿಕೊಂಡೇ ನಿದ್ದೆ ಹೋಗುತ್ತಿದ್ದರು. ಆ ಪ್ರಶ್ನೆ ಕೇಳುವುದಕ್ಕೆ ಕೋಟಿ ರೂಪಾಯಿಯ ಮೆಷೀನ್ ಬೇಕಿರಲಿಲ್ಲ. ಪೇಪರ್ ಓದಿದ ದಿನ ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಜಾಸ್ತಿ ಆಯಿತು. ಆಮೇಲೆ ನಮ್ಮ ಡಿಪಾರ್ಟ್‌ಮೆಂಟ್ ಬೇರೆ ಕಟ್ಟಡಕ್ಕೆ ಹೋದಾಗ ಆ ಬಯಾಪ್ಸಿಗಳ ಹಳೇ ಬ್ಲಾಕು, ಸ್ಲೈಡುಗಳನ್ನೆಲ್ಲ ಜಾಗ ಇಲ್ಲ ಅಂತ ಎಸೆದರು. ಅದನ್ನು ನೆನೆದರೆ ಈಗಲೂ ಸಂಕಟ.

ಅಲ್ಲೇ ಪಕ್ಕದ ನಿಮ್ಹಾನ್ಸ್‌ನವರು ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಫಿಟ್ಸ್ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ನಮ್ಮ ಮೈಸೂರು ಸೀಮೆಯಲ್ಲಿ ಜಾಸ್ತಿ ಕಾಣುವ ಕಾಯಿಲೆ. ಬಚ್ಚಲುಮನೆಯಲ್ಲಿ ಹುಟ್ಟಿದ ಸಂಶೋಧನೆ ಅದು.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ. ಯುಗಾದಿಗೆ ಬಂದಾಗ ಒಬ್ಬಟ್ಟು ತಣ್ಣಗಾಗುವವರೆಗೆ ಕೂತು ನೀನು ಬೈದದ್ದು ಯಾವುದನ್ನ? ಬೆಳಿಗ್ಗೆ ತೆಗೆದ ಯೂರಿನ್ ಸ್ಯಾಂಪಲ್ ನಿಮ್ಮ ಲ್ಯಾಬಿಗೆ ಮಧ್ಯಾಹ್ನ ಬರುತ್ತದೆ, ಅಟೆಂಡರ್ ಎಲ್ಲಾ ವಾರ್ಡಿನದೂ ಸೇರಿದ ಮೇಲೆ ಒಟ್ಟಿಗೆ ತರುತ್ತಾನೆ, ವಾರ್ಡಿನಲ್ಲಿ ಅದಕ್ಕೆ ಫ್ರಿಜ್ ಇಲ್ಲ. ಎರಡು ಗಂಟೆಯೊಳಗೆ ಕಲ್ಚರಿಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡಲು) ಹಾಕಬೇಕು, ಆಗದಿದ್ದರೆ 4 ಡಿಗ್ರಿಯಲ್ಲಿ ಇಡಬೇಕು ಅಂತ ನನಗೇ ಪಾಠ ಹೇಳಿದೆ. ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಇದ್ದರೆ ಸೋಂಕು ಅಂತ ಅಮೆರಿಕದ ಡಾಕ್ಟರ್ ಎಡ್ವರ್ಡ್ ಕ್ಯಾಸ್ 1950ರ ದಶಕದಲ್ಲಿ ಒಂದು ಗೆರೆ ಹಾಕಿದರಲ್ಲ, ಸೆಖೆಯಲ್ಲಿ ಕೂತ ಬಾಟಲಿಯಲ್ಲಿ ಅವು ಬೆಳೆದೂ ಬೆಳೆದೂ ಸೋಂಕೇ ಇಲ್ಲದವರ ಸ್ಯಾಂಪಲ್ಲೂ ಆ ಗೆರೆ ದಾಟುತ್ತದೆ, ಸುಮ್ನೆ ಆಂಟಿಬಯಾಟಿಕ್ ಶುರುವಾಗುತ್ತದೆ ಅಂತ ನಿನಗೆ ಎಷ್ಟು ಸಿಟ್ಟು! ಆಸಕ್ತಿ ಇಲ್ಲದವಳಿಗೆ ಅಷ್ಟು ಸಿಟ್ಟು ಎಲ್ಲಿಂದ ಬಂತು ಪುಟ್ಟಿ? ಮೂತ್ರದ ಬಾಟಲಿ ಎಷ್ಟು ಹೊತ್ತು ಕಾಯುತ್ತದೆ ಅಂತ ಆ ಕಾಲಂನಲ್ಲಿ ಬರೆಯಲು ನಾಚಿಕೆ ಆಗಿರಬೇಕು, ಅಷ್ಟೇ ಅಂತ ನನ್ನ ಅಂದಾಜು.

ಈಗಿನ ಪದ್ಧತಿ ನನಗೆ ಪೂರ್ತಿ ಗೊತ್ತಿಲ್ಲ, ಬೇಡ ಅನ್ನಿಸಿದರೆ ಬಿಟ್ಟುಬಿಡು. ಸ್ಯಾಂಪಲ್ ತೆಗೆದ ಹೊತ್ತು, ಲ್ಯಾಬಿಗೆ ಬಂದ ಹೊತ್ತು, ಎರಡನ್ನೂ ರಿಜಿಸ್ಟರಿನಲ್ಲಿ ಬರೆಸಲು ಶುರು ಮಾಡು. ಪೇಪರ್ ಆಗದಿದ್ದರೂ ರೋಗಿಗಳಿಗೆ ಉಪಯೋಗ. ಪೇಪರ್ ಮಾಡುವುದಾದರೆ ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲು; ಸಂಶೋಧನೆ ಮಾಡುವ ಕ್ರಮ ಕಲಿಸುವ ಬಿಸಿಬಿಆರ್ ಕೋರ್ಸ್ ಮುಗಿಸಿದ ನಿನಗೆ ನಾನು ಹೇಳಬೇಕಾ. ಸ್ಟ್ಯಾಟಿಸ್ಟಿಕ್ಸ್‌ನವರನ್ನು ಶುರುವಿನಲ್ಲೇ ನೋಡು, ಎಲ್ಲಾ ಮುಗಿದ ಮೇಲೆ ಹೋದರೆ ಅವರು ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು ವಿದ್ಯಾರ್ಥಿಗಳ ಸಂಶೋಧನೆಗೆ ಅಂತ 1979ರಲ್ಲಿ ಶುರು ಮಾಡಿದ ಎರಡು ತಿಂಗಳ ಸ್ಟೂಡೆಂಟ್‌ಶಿಪ್ ಇದೆಯಲ್ಲ, ಚುರುಕಾದ ಎಂಬಿಬಿಎಸ್ ಹುಡುಗಿ ಸಿಕ್ಕಿದರೆ ಅವಳ ಕೈಲಿ ಅರ್ಜಿ ಹಾಕಿಸು. ದುಡ್ಡು ಕೊಟ್ಟರೆ ವಾರದಲ್ಲಿ ಪ್ರಕಟಿಸುತ್ತೇವೆ ಅನ್ನುವ ಜರ್ನಲ್‌ಗಳ ಕಡೆ ತಲೆ ಹಾಕಬೇಡ.

ಇಷ್ಟು ಬರೆದ ಮೇಲೂ ನನಗೆ ಒಂದು ಅನುಮಾನ ಉಳಿದಿದೆ. ಆಸಕ್ತಿ ಇಲ್ಲ ಅಂದದ್ದು ಬರೀ ಸಂಶೋಧನೆ ಬಗ್ಗೆಯೋ, ಎಲ್ಲದರ ಬಗ್ಗೆಯೋ? ಕ್ಲಾಸು, ಲ್ಯಾಬು, ಇನ್‌ಸ್ಪೆಕ್ಷನ್ ಫೈಲು, ಇವುಗಳ ಮಧ್ಯೆ ಸಿಕ್ಕಿಕೊಂಡರೆ ಬರೀ ಸುಸ್ತು ಕೂಡ ಮನುಷ್ಯರಿಗೆ ಹಾಗೇ ಅನ್ನಿಸುತ್ತದೆ. ಸುಸ್ತಾಗಿದ್ದರೆ ರಜೆ ಹಾಕಿ ಬಾ, ಈ ಸಲಹೆಗಳನ್ನೆಲ್ಲ ಆಮೇಲೆ ನೋಡಿಕೊಳ್ಳೋಣ. ಊಟ, ನಿದ್ದೆ ಕೆಟ್ಟಿದ್ದರೆ ಮುಚ್ಚಿಡಬೇಡ. ಆ ಸಾಲನ್ನು ಡ್ಯೂಟಿ ಮುಗಿಸಿ ಬಂದ ರಾತ್ರಿ ಬರೆದೆಯೋ, ರಜೆಯ ದಿನ ಆರಾಮಾಗಿ ಕೂತಾಗ ಬರೆದೆಯೋ? ಭಾನುವಾರ ಫೋನ್ ಮಾಡಿ ಅದೊಂದು ಹೇಳು.

ಇಂತು ನಿನ್ನ
ದೊಡ್ಡಮ್ಮ