ಜೆಸ್ಸಿಕಾಳ ಅಮ್ಮ ಎಲ್ಲಿ?

ಪ್ರೀತಿಯ ಗೆಳೆಯಾ,

ಶೇಕ್ಸ್‌ಪಿಯರ್‌ನ ನಾಟಕ ‘ಮರ್ಚೆಂಟ್ ಆಫ್ ವೆನಿಸ್’ ನೋಡಿ ಬಂದು, ಅದರಲ್ಲಿನ ಯೆಹೂದಿ ಲೇವಾದೇವಿಗಾರ ಶೈಲಾಕ್ ಬಗ್ಗೆ ಉದ್ದಕ್ಕೆ ಬರೆದಿದ್ದೀಯ. ಅವನ ಮಗಳು ಜೆಸ್ಸಿಕಾ ಬಗ್ಗೆ ಮಾತ್ರ ಒಂದೇ ಸಾಲು: ಪ್ರೀತಿಸಿದವನ ಜೊತೆ ಓಡಿಹೋದಳು, ಒಳ್ಳೇದಾಯ್ತು ಅಂತ. ನನಗೆ ಹಾಗನ್ನಿಸುವುದಿಲ್ಲ ಕಣೋ.

ಜೆಸ್ಸಿಕಾ ಹುಡುಗನ ವೇಷದಲ್ಲಿ, ಅಪ್ಪನ ದುಡ್ಡು ಒಡವೆ ಹೊತ್ತುಕೊಂಡು ಮನೆ ಬಿಡುತ್ತಾಳೆ. ಕ್ರೈಸ್ತಳಾಗುತ್ತಾಳೆ. ಆಮೇಲೆ ಒಂದು ಉಂಗುರ ಕೊಟ್ಟು ಕೋತಿ ಕೊಂಡಳಂತೆ ಅನ್ನುವ ಸುದ್ದಿ ಶೈಲಾಕ್‌ಗೆ ಮುಟ್ಟುತ್ತದೆ. ಮದುವೆಗೆ ಮುಂಚೆ ಲೇಯಾ ಅನ್ನುವವಳು ಅವನಿಗೆ ಕೊಟ್ಟ ಉಂಗುರ ಅದು. ಇಡೀ ನಾಟಕದಲ್ಲಿ ಲೇಯಾಳ ಹೆಸರು ಬರುವುದು ಅಲ್ಲೊಂದೇ ಕಡೆ. ಅವಳೇ ಜೆಸ್ಸಿಕಾಳ ಅಮ್ಮ ಅಂತ ನಾವೇ ಊಹಿಸಿಕೊಳ್ಳಬೇಕು.

ಶೇಕ್ಸ್‌ಪಿಯರ್‌ನ ಕಾಲದವನೇ ಆದ ನಾಟಕಕಾರ ಮಾರ್ಲೋ 1590ರ ಸುಮಾರಿಗೆ ಬರೆದ ‘ದಿ ಜ್ಯೂ ಆಫ್ ಮಾಲ್ಟಾ’ದಲ್ಲೂ ಯೆಹೂದಿ ಅಪ್ಪ, ಮಗಳು ಅಷ್ಟೇ. ಮಗಳು ಅಬಿಗೈಲ್ ಕ್ರೈಸ್ತ ಸನ್ಯಾಸಿನಿ ಆಗುತ್ತಾಳೆ. ಅಪ್ಪ ವಿಷ ಬೆರೆಸಿದ ಗಂಜಿ ಕಳಿಸಿ ಮಠದವರನ್ನೆಲ್ಲ ಕೊಲ್ಲುತ್ತಾನೆ. ಅಲ್ಲೂ ಅಮ್ಮ ಇಲ್ಲ.

ಇನ್ನೂ ಇನ್ನೂರು ವರ್ಷ ಹಿಂದೆ ಹೋದರೆ ಇಂಗ್ಲಿಷ್ ಕವಿ ಚಾಸರ್. ಅವನ ‘ಕ್ಯಾಂಟರ್‌ಬರಿ ಟೇಲ್ಸ್’ನಲ್ಲಿ ಪ್ರಯೋರೆಸ್, ಅಂದರೆ ಸನ್ಯಾಸಿನಿಯರ ಮಠದ ಮುಖ್ಯಸ್ಥೆ, ಒಂದು ಕಥೆ ಹೇಳುತ್ತಾಳೆ. ಯೆಹೂದಿಗಳು ಒಬ್ಬ ಪುಟ್ಟ ಹುಡುಗನ ಕತ್ತು ಕುಯ್ಯಿಸಿ ಗುಂಡಿಗೆ ಹಾಕಿಸುತ್ತಾರೆ. ಅವನ ವಿಧವೆ ತಾಯಿ ರಾತ್ರಿಯೆಲ್ಲ ಕಾದು, ಬೆಳಕಾಗುತ್ತಲೇ ಹುಡುಕಲು ಹೊರಡುತ್ತಾಳೆ. ಯೆಹೂದಿಗಳ ಕೇರಿಯಲ್ಲಿ ಸಿಕ್ಕಸಿಕ್ಕವರನ್ನು ಅಂಗಲಾಚುತ್ತಾಳೆ. ಓದುವಾಗ ನಿಜಕ್ಕೂ ಕಣ್ಣು ತುಂಬುತ್ತದೆ. ನನಗೆ ಭಯ ಆಗುವುದೂ ಅದಕ್ಕೇ. ಆ ತಾಯಿಯ ಕಣ್ಣೀರೇ ದ್ವೇಷಕ್ಕೆ ಎಣ್ಣೆ ಹೊಯ್ಯುತ್ತದೆ. ಕೊನೆಗೆ ಯೆಹೂದಿಗಳನ್ನು ಕುದುರೆಗಳಿಂದ ಎಳೆಸಿ ನೇಣಿಗೆ ಹಾಕುತ್ತಾರೆ. ಅವರಿಗೂ ತಾಯಂದಿರಿದ್ದರು ಅನ್ನುವುದು ಕಥೆಗೆ ಹೊಳೆಯುವುದೇ ಇಲ್ಲ.

ಇದು ಸುಮ್ನೆ ಕಟ್ಟುಕಥೆ ಅಂತ ಬಿಡೋಕಾಗಲ್ಲ. ಮುಗಿಸುವಾಗ ಪ್ರಯೋರೆಸ್ ಇಂಗ್ಲೆಂಡಿನ ಲಿಂಕನ್ ಊರಿನ ಹ್ಯೂ ಅನ್ನುವ ಹುಡುಗನನ್ನು ನೆನೆಯುತ್ತಾಳೆ. 1255ರಲ್ಲಿ ಅವನ ಸಾವನ್ನು ಯೆಹೂದಿಗಳ ತಲೆಗೆ ಕಟ್ಟಿ, ಜೀವಂತ ಮನುಷ್ಯರನ್ನು ನೇಣಿಗೆ ಹಾಕಿದ್ದರು. 1290ರಲ್ಲಿ ಇಂಗ್ಲೆಂಡಿನ ಯೆಹೂದಿಗಳನ್ನೆಲ್ಲ ದೇಶದಿಂದಲೇ ಹೊರಹಾಕಿದರು. ಚಾಸರ್ ಬರೆಯುವ ಹೊತ್ತಿಗೆ ಅವನ ಓದುಗರಲ್ಲಿ ಹೆಚ್ಚಿನವರು ಒಬ್ಬ ಯೆಹೂದಿಯನ್ನೂ ಕಂಡಿರಲಿಕ್ಕಿಲ್ಲ.

ಯೆಹೂದಿ ತಾಯಿ ಬರುವ ಕಥೆಯೂ ಒಂದಿದೆ. ಯೇಸುವಿನ ತಾಯಿ ಮೇರಿಯ ಪವಾಡಗಳ ಸಂಗ್ರಹಗಳಲ್ಲಿ ಸಿಗುತ್ತದೆ. ಮಗ ಚರ್ಚಿನ ಪ್ರಸಾದ ತಿಂದನೆಂದು ಅಪ್ಪ ಅವನನ್ನು ಉರಿಯುವ ಒಲೆಗೆ ತಳ್ಳುತ್ತಾನೆ. ತಾಯಿ ಬೀದಿಗೆ ಬಂದು ಕೂಗಿಕೊಳ್ಳುತ್ತಾಳೆ. ಮೇರಿ ಮಗುವನ್ನು ಉಳಿಸುತ್ತಾಳೆ, ತಾಯಿ ಮಗ ಇಬ್ಬರೂ ಕ್ರೈಸ್ತರಾಗುತ್ತಾರೆ. ಅಂದರೆ ಅವಳ ತಾಯ್ತನಕ್ಕೆ ಬೆಲೆ ಸಿಗಬೇಕಾದರೆ ಮತ ಬಿಡಬೇಕು. ನನಗೆ ಸಿಟ್ಟು ಬರುವುದು ಇಲ್ಲಿ.

ನಿಜವಾದ ಯೆಹೂದಿ ಹೆಂಗಸರು ಹೇಗಿದ್ದರು ಗೊತ್ತಾ? 13ನೇ ಶತಮಾನದಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್ ಊರಲ್ಲಿ ಲಿಕೊರಿಸಿಯಾ ಅಂತ ಒಬ್ಬಳಿದ್ದಳು. ಎರಡು ಸಲ ವಿಧವೆಯಾದವಳು, ಮಕ್ಕಳ ತಾಯಿ, ರಾಜನಿಗೇ ಸಾಲ ಕೊಡುವಷ್ಟು ದೊಡ್ಡ ಲೇವಾದೇವಿ ಅವಳದು. 1244ರಲ್ಲಿ ಎರಡನೇ ಗಂಡ ತೀರಿಕೊಂಡಾಗ, ಆಸ್ತಿಯ ಲೆಕ್ಕ ಮುಗಿಯುವವರೆಗೆ ಅವಳನ್ನು ಲಂಡನ್ ಟವರ್ ಕೋಟೆಯಲ್ಲಿ ಸೆರೆ ಇರಿಸಿದರು. ಆ ಆಸ್ತಿಯಿಂದ ರಾಜ ಕಿತ್ತುಕೊಂಡ ದುಡ್ಡು ಲಂಡನ್ನಿನ ದೊಡ್ಡ ಚರ್ಚು ವೆಸ್ಟ್‌ಮಿನ್‌ಸ್ಟರ್ ಅಬೆ ಕಟ್ಟಲು ಹೋಯಿತು. 1277ರಲ್ಲಿ ಅವಳೂ ಅವಳ ಕ್ರೈಸ್ತ ಕೆಲಸದಾಕೆಯೂ ಮನೆಯಲ್ಲೇ ಕೊಲೆಯಾದರು. 2022ರಲ್ಲಿ ಆ ಊರಿನ ಜ್ಯೂರಿ ಬೀದಿಯಲ್ಲಿ ಅವಳ ಪ್ರತಿಮೆ ನಿಲ್ಲಿಸಿದ್ದಾರೆ, ಜೊತೆಗೆ ಮಗ ಆಸರ್.

ಚಾಸರನ ಆ ಕಥೆ ಓದು. ಚಿಕ್ಕದು, ಒಂದೇ ಸಂಜೆಗೆ ಮುಗಿಯುತ್ತದೆ. ಆ ತಾಯಿ ಹುಡುಕುವ ಜಾಗದಲ್ಲಿ ನಿನಗೇನನ್ನಿಸಿತು ಅಂತ ಬರೆ.

ಇಂತಿ ನಿನ್ನ
ಗೆಳೆಯ