ನೀರಿನ ಟ್ಯೂಬಿನಲ್ಲಿ ಕಂಡ ಗೆರೆ

ಚಿನ್ನೂ,

ನಿನ್ನೆ ನಿನ್ನ ಫೋನ್ ಬಂದಾಗ ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಇಲ್ಲಿ ಬೆಳಗ್ಗೆ ಒಂಬತ್ತೂವರೆ, ಅಲ್ಲಿ ನ್ಯೂಯಾರ್ಕ್ ಕಡೆ ನಿನ್ನ ಕೋರ್ಸಿನ ಲ್ಯಾಬಿನಲ್ಲಿ ನಡುರಾತ್ರಿ ಹನ್ನೆರಡು. ನೀನು ಅತ್ತದ್ದು ಕೇಳಿ ಕೈ ಹಿಟ್ಟಿನಲ್ಲೇ ನಿಂತಿತು. ಏನು ಹೇಳಬೇಕೋ ತೋಚದೆ "ಊಟ ಮಾಡಿದೆಯಾ" ಅಂದೆ. ಆಮೇಲೆ ದಿನವೆಲ್ಲ ಅದೇ ಯೋಚನೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಪಿಸಿಆರ್, ಅಂದರೆ ಡಿಎನ್ಎಯ ಒಂದು ತುಂಡನ್ನು ನಕಲು ಮಾಡಿ ಮಾಡಿ ಹೆಚ್ಚಿಸುವುದು, ಮಾಡುವಾಗ ಒಂದು ಟ್ಯೂಬಿಗೆ ಡಿಎನ್ಎ ಹಾಕುವುದಿಲ್ಲ, ಬರೀ ನೀರು ಹಾಕುತ್ತೀರಿ. ಅದರಲ್ಲಿ ಏನೂ ಕಾಣಬಾರದು. ಆದರೆ ಡಿಎನ್ಎ ಇದ್ದರೆ ಗೆರೆಯಾಗಿ ತೋರಿಸುವ ಜೆಲ್ ಮೇಲೆ ಅದರ ಸಾಲಿನಲ್ಲೂ ಗೆರೆ ಬಂತು. ಮೂರು ದಿನದ ಕೆಲಸ ಹೋಯಿತು. ಪಕ್ಕದ ಟೇಬಲ್ಲಿನವರದ್ದೆಲ್ಲ ಸರಿ ಬಂದಿದೆ, ನನಗೆ ಕೈಗುಣವೇ ಇಲ್ಲ ಅಂತ ನೀನು ಅಂದೆ.

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾನೂ ಲೆಕ್ಕ ಹಾಕಿದೆ. 95 ಡಿಗ್ರಿಗೆ ಕಾಯಿಸಿದರೆ ಡಿಎನ್ಎಯ ಎರಡು ಎಳೆ ಬಿಚ್ಚಿಕೊಳ್ಳುತ್ತವೆ, ತಣಿಸಿದರೆ ಪ್ರೈಮರ್ ಅನ್ನುವ ಚಿಕ್ಕ ಡಿಎನ್ಎ ತುಣುಕು ಬಂದು ಕೂರುತ್ತದೆ, 72ಕ್ಕೆ ಏರಿಸಿದರೆ ಹೊಸ ಎಳೆ ಬೆಳೆಯುತ್ತದೆ ಅಂತ ನೀನೇ ಹೇಳಿದ್ದೆ. ಒಂದು ಸುತ್ತಿಗೆ ಒಂದಿದ್ದದ್ದು ಎರಡು, ಎರಡಿದ್ದದ್ದು ನಾಲ್ಕು. 30 ಸುತ್ತಿಗೆ ಬರುವಷ್ಟರಲ್ಲಿ 107 ಕೋಟಿ ದಾಟಿತು! ಅಂದಮೇಲೆ ಡಿಎನ್ಎ ಇರುವ, ಕಣ್ಣಿಗೆ ಕಾಣದ ಒಂದು ಹನಿ ಹಾರಿ ಬಂದು ನೀರಿಗೆ ಬಿದ್ದರೂ ಗೆರೆ ಬಾರದೆ ಇರುತ್ತದಾ? ಇದಕ್ಕೂ ಕೈಗುಣಕ್ಕೂ ಏನು ಸಂಬಂಧ?

ನಾನು ಇಪ್ಪತ್ತೆರಡು ವರ್ಷ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಮಾಡಿದ್ದೂ ಇಂಥದ್ದೇ ಕೆಲಸ. ನೀನು ಚಿಕ್ಕವಳಿದ್ದಾಗ "ಅಮ್ಮ ಚಿಟ್ಟೆ ಅರೀತಾಳೆ" ಅಂತ ಸ್ಕೂಲಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ. ಹೌದು, ಅರೆಯುತ್ತಿದ್ದೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಒಂದು ಹನಿ ಗಾಜಿನ ಮೇಲೆ ಹಾಕಿ, 600 ಪಟ್ಟು ದೊಡ್ಡದು ಮಾಡಿ ನೋಡುವುದು. ರೇಷ್ಮೆ ಹುಳುವಿಗೆ ಬರುವ ಗಂಟುರೋಗದ ಬೀಜಾಣು ಇದ್ದರೆ ಮೊಟ್ಟೆಯಾಕಾರದಲ್ಲಿ ಪಳಪಳ ಹೊಳೆಯುತ್ತದೆ. ಈ ರೋಗ ತಾಯಿಯಿಂದ ಮೊಟ್ಟೆಗೇ ಇಳಿಯುತ್ತದೆ. ಹಾಗಾಗಿ ಆ ಚಿಟ್ಟೆ ಇಟ್ಟ ಮೊಟ್ಟೆಯನ್ನೆಲ್ಲ ಸುಡಬೇಕು. ಇದನ್ನು ಹೇಳಿಕೊಟ್ಟವರು ವಿಜ್ಞಾನಿ ಲೂಯಿ ಪಾಶ್ಚರ್. 1865ರಲ್ಲಿ ಫ್ರಾನ್ಸಿನ ಅಲೆಸ್ ಕಡೆ ರೇಷ್ಮೆ ಹುಳು ಸಾಯುತ್ತಿದ್ದಾಗ ಹೋಗಿ, ವರ್ಷಗಟ್ಟಲೆ ಅದರ ಹಿಂದೆ ಬಿದ್ದು ಕಂಡುಕೊಂಡದ್ದು. ಅಂದರೆ ನಾನೂ ದೊಡ್ಡವರ ಸಾಲಿನವಳೇ, ಸಂಬಳ ಮಾತ್ರ ಕಡಿಮೆ.

ನಿನಗೆ ಹೇಳದ ಒಂದು ವಿಷಯ ಇದೆ. ಒಂದು ಸಂಜೆ ಇಪ್ಪತ್ತು ಸ್ಲೈಡು ಉಳಿದಿತ್ತು. ಕಣ್ಣು ಉರಿಯುತ್ತಿತ್ತು, ಬಸ್ಸಿಗೆ ಹೊತ್ತಾಗಿತ್ತು. ಒಂದರಲ್ಲಿ ಏನೋ ಹೊಳೆದಂತಾಯಿತು. ಕೊಬ್ಬಿನ ಹನಿ ಇರಬೇಕು ಅಂದುಕೊಂಡೆ. ಅದೂ ಹಾಗೇ ಹೊಳೆಯುತ್ತದೆ ನೋಡು. ಇನ್ನೊಂದು ಹನಿ ಹಾಕಿ ನೋಡಬಹುದಿತ್ತು. ನೋಡಲಿಲ್ಲ. ಪುಸ್ತಕದಲ್ಲಿ "ಇಲ್ಲ" ಅಂತ ಬರೆದು ಎದ್ದೆ. ತಿಂಗಳಾದ ಮೇಲೆ 100 ಮೊಟ್ಟೆ ತೆಗೆದುಕೊಂಡು ಹೋಗಿದ್ದ ರೈತರೊಬ್ಬರು ಬಂದರು. ನಿನ್ನ ಜೊತೆಯವರಿಗೆ ಹೇಳುವುದಾದರೆ, 100 ಮೊಟ್ಟೆ ಅಂದರೆ 100 ಚಿಟ್ಟೆ ಇಟ್ಟದ್ದು, ಹುಳು 40-50 ಸಾವಿರ. ನಾಲ್ಕನೇ ಜ್ವರ, ಅಂದರೆ ಹುಳು ನಾಲ್ಕನೇ ಸಲ ಪೊರೆ ಬಿಡುವುದು, ದಾಟಿದ ಮೇಲೆ ರೋಗ ಕಂಡಿತು, ಎಲ್ಲ ಸುಟ್ಟು ಹಾಕಿದೆ ತಾಯಿ ಅಂದರು. ಅವರು ಬಯ್ಯಲಿಲ್ಲ. ಅದು ನನ್ನ ಸ್ಲೈಡಿನಿಂದಲೇ ಆಯಿತಾ, ಬೇರೆ ಕಡೆಯಿಂದ ತಗಲಿತಾ, ಯಾರಿಗೂ ತಿಳಿಯಲಿಲ್ಲ. ನನಗೆ ಇವತ್ತಿಗೂ ಆ ಹೊಳಪು ಕಣ್ಣ ಮುಂದಿದೆ.

ನಿನ್ನ ನೀರಿನ ಟ್ಯೂಬು ಹಾಗೆ ಮಾಡಲಿಲ್ಲ. ತಪ್ಪಾಗಿದೆ ಅಂತ ಮುಖಕ್ಕೇ ಹೇಳಿತು. ಆ ಟ್ಯೂಬನ್ನು ಇಡದೆ ಹೋಗಿದ್ದರೆ ನೀನು ಉಳಿದ ಗೆರೆಗಳನ್ನು ನೋಡಿ ಖುಷಿಪಟ್ಟು ಮಲಗಿರುತ್ತಿದ್ದೆ ಅಲ್ವಾ?

ಇನ್ನು ಮೇಲೆ ಏನು ಮಾಡಬೇಕು ಅಂತ ಅಲ್ಲಿಯವರು ಹೇಳಿದ್ದಾರೆ ಅಂದೆ. ಹೊಸ ನೀರು, ಹೊಸ ಪ್ರೈಮರ್, ಫಿಲ್ಟರ್ ಇರುವ ಪಿಪೆಟ್ ಟಿಪ್, ಮಿಶ್ರಣ ಮಾಡುವ ಜಾಗ ಬೇರೆ, ಪಿಸಿಆರ್ ಮುಗಿದ ಟ್ಯೂಬು ತೆರೆಯುವ ಜಾಗ ಬೇರೆ. ಕೇಳಿ ನಗು ಬಂತು. ನಮ್ಮಲ್ಲೂ ಚಿಟ್ಟೆ ಅರೆಯುವ ಕೋಣೆಯಿಂದ ಮೊಟ್ಟೆ ಕೋಣೆಗೆ ನೇರ ಹೋಗುವ ಹಾಗಿರಲಿಲ್ಲ. ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಕೈ ತೊಳೆದು ಹೋಗಬೇಕಿತ್ತು. ನನ್ನ ಹಿಮ್ಮಡಿ ಒಡೆದದ್ದೇ ಅದರಿಂದ.

ಮೂರು ವಾರ ಬೆಳಗ್ಗಿನಿಂದ ನಡುರಾತ್ರಿವರೆಗೆ ಲ್ಯಾಬಿನಲ್ಲಿ ನಿಲ್ಲಿಸುವುದು ಅತಿಯಾಯಿತು ಅಂತ ನಿಮ್ಮಪ್ಪನ ದೂರು. ಆದರೆ ನೀನಿರುವ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಮೊದಲಿನಿಂದಲೂ ಹೀಗೇ ಕೈಯಲ್ಲಿ ಮಾಡಿಸಿ ಕಲಿಸುತ್ತಾರಂತೆ. 1945ರಲ್ಲಿ ಮ್ಯಾಕ್ಸ್ ಡೆಲ್ಬ್ರೂಕ್ ಅನ್ನುವವರು ಅಲ್ಲಿ ಬ್ಯಾಕ್ಟೀರಿಯಾ ತಿನ್ನುವ ವೈರಸ್‌ಗಳ ಬಗ್ಗೆ ಬೇಸಿಗೆ ಕೋರ್ಸ್ ಶುರು ಮಾಡಿದರು, ಅವರು ಮೂಲತಃ ಭೌತಶಾಸ್ತ್ರದವರು ಅಂತ ನೀನೇ ಹೇಳಿದ್ದೆ. ನನಗೆ ಅವರಿಗಿಂತ ಇಷ್ಟವಾದದ್ದು ಬಾರ್ಬರಾ ಮೆಕ್ಲಿಂಟಾಕ್. ಅದೇ ಜಾಗದಲ್ಲಿ ಮುಸುಕಿನ ಜೋಳ ಬೆಳೆದು, ತೆನೆಯಲ್ಲಿ ಕಾಳಿನ ಬಣ್ಣ ನೋಡಿ ನೋಡಿ ಜೀನು ಜಾಗ ಬದಲಿಸುತ್ತದೆ ಅಂದರು. 1951ರಲ್ಲಿ ಹೇಳಿದಾಗ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ನೊಬೆಲ್ ಬಂದದ್ದು 1983ಕ್ಕೆ. ಅವರು ಓಡಾಡಿದ ಜಾಗ ಹೇಗಿದೆ ಅಂತ ಒಂದು ಫೋಟೋ ಕಳಿಸು. ಜೆಲ್ ಫೋಟೋ ನೋಡಿ ನೋಡಿ ಸಾಕಾಗಿದೆ ನನಗೆ.

ಹಾಂ, ಸದರ್ನ್ ಬ್ಲಾಟ್ ಅನ್ನುವ ಡಿಎನ್ಎ ಪರೀಕ್ಷೆಯದ್ದು ದಿಕ್ಕಿನ ಹೆಸರಲ್ಲ, ಎಡ್ವಿನ್ ಸದರ್ನ್ ಅನ್ನುವವರ ಹೆಸರು, ನಾರ್ದರ್ನ್, ವೆಸ್ಟರ್ನ್ ಆಮೇಲೆ ತಮಾಷೆಗೆ ಇಟ್ಟದ್ದು ಅಂತ ನಿಮ್ಮಪ್ಪನಿಗೆ ಹೇಳಿದೆ. ಎರಡು ದಿನದಿಂದ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಾರೆ.

ಒಂದು ಮಾತು ಮಾತ್ರ ಕೇಳು. ಜೆಲ್ ಓಡುತ್ತಿರುವಾಗ ಬೆಂಚಿನ ಮೇಲೆ ತಲೆ ಇಟ್ಟು ನಿದ್ದೆ ಮಾಡಬೇಡ. ಸುಸ್ತಾಗಿದ್ದರೆ ಟ್ಯೂಬುಗಳನ್ನು ಫ್ರಿಡ್ಜಿನಲ್ಲಿಟ್ಟು ರೂಮಿಗೆ ಹೋಗಿ ಮಲಗು. ಬೆಳಗ್ಗೆ ಮಾಡಿದರಾಯಿತು. ಕೆಟ್ಟುಹೋದ ಜೆಲ್ ಫೋಟೋ ಕೂಡ ನೋಟ್‌ಬುಕ್ಕಿಗೆ ಅಂಟಿಸು, ತಾರೀಕು ಹಾಕು.

ಚಟ್ನಿಪುಡಿ ಮುಗಿದಿರಬೇಕು. ಅನ್ನಕ್ಕೆ ಏನು ಕಲಸಿಕೊಳ್ಳುತ್ತಿದ್ದೀಯೋ. ಭಾನುವಾರ ಫೋನ್ ಮಾಡು, ಜಾಸ್ತಿ ಹೊತ್ತು ಬೇಡ. ನೀರಿನ ಟ್ಯೂಬು ಖಾಲಿ ಬಂತಾ ಇಲ್ವಾ, ಅಷ್ಟು ಹೇಳು.

ನಿನ್ನ
ಅಮ್ಮ