ಎಲ್ಲರಿಗೂ ವಂದನೆ, ಆಲಿವರ್ ಹೆವಿಸೈಡ್ ಅವರಿಗೂ

ಕಳೆದ ತಿಂಗಳ ಕೊನೆಗೆ ಟೆಲಿಫೋನ್ ಕೇಬಲ್ ಕೆಲಸದಿಂದ ನಿವೃತ್ತನಾದೆ. ಬೀಳ್ಕೊಡುಗೆಗೆ ಬಂದವರಿಗೆ, ಫೋನ್ ಮಾಡಿ ಹಾರೈಸಿದವರಿಗೆ, ದೂರದೂರಿಂದ ಬಸ್ ಹತ್ತಿ ಬಂದ ಹಳೆಯ ಲೈನ್‌ಮನ್‌ಗಳಿಗೆ ತುಂಬಾ ಥ್ಯಾಂಕ್ಸ್. ಮೈಕ್ ಮುಂದೆ ಗಂಟಲು ಕಟ್ಟಿತು, ಜಾಸ್ತಿ ಮಾತಾಡಲು ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಋಣ ನನಗೆ ಕೆಲಸ ಕಲಿಸಿದ ಹಿರಿಯ ಜಾಯಿಂಟರ್ (ಕೇಬಲ್ ತಂತಿ ಜೋಡಿಸುವವರು) ಅವರದು. ಮ್ಯಾನ್‌ಹೋಲಿನ ನೀರು ಖಾಲಿ ಮಾಡಿ, ಒಳಗೆ ಕುಕ್ಕರುಗಾಲಲ್ಲಿ ಕೂತು, ಕಾಗದ ಸುತ್ತಿದ ಸಣ್ಣ ತಂತಿಗಳನ್ನು ಜೋಡಿ ಜೋಡಿಯಾಗಿ ಬಿಡಿಸಿ ಹೊಸೆಯುವುದನ್ನು ತೋರಿಸಿಕೊಟ್ಟರು. ಎಕ್ಸ್‌ಚೇಂಜಿನಿಂದ ಎಕ್ಸ್‌ಚೇಂಜಿಗೆ ಹೋಗುವ ಜಂಕ್ಷನ್ ಕೇಬಲ್‌ನಲ್ಲಿ ಸುಮಾರು 1.8 ಕಿಲೋಮೀಟರಿಗೊಂದು ಕಡೆ ಲೋಡಿಂಗ್ ಕಾಯಿಲ್ ಎಂಬ ತಂತಿ ಸುರುಳಿ ಇರುತ್ತಿತ್ತು. ಪ್ರತಿ ಜೋಡಿಗೂ 88 ಮಿಲಿಹೆನ್ರಿಯ ಸುರುಳಿ. "ಇದ್ಯಾಕಣ್ಣ, ಸುರುಳಿ ಹಾಕಿದ್ರೆ ಮಾತಿಗೆ ಅಡ್ಡಿ ಆಗಲ್ವಾ?" ಎಂದು ಕೇಳಿದ್ದೆ. ಆಗ ಅವರು ಹೇಳಿದ ಹೆಸರು ಇಂಗ್ಲೆಂಡಿನ ವಿಜ್ಞಾನಿ ಆಲಿವರ್ ಹೆವಿಸೈಡ್. ಅವತ್ತು ಹಿಡಿದ ಗುಂಗು ಇನ್ನೂ ಬಿಟ್ಟಿಲ್ಲ.

1850ರಲ್ಲಿ ಲಂಡನ್ನಿನ ಕ್ಯಾಮ್ಡನ್ ಟೌನ್‌ನ ಬಡ ಮನೆಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಬಂದ ಜ್ವರ ಕಿವಿ ಮಂದ ಮಾಡಿತು. ಹದಿನಾರಕ್ಕೆ ಶಾಲೆ ಮುಗಿಯಿತು. ಕೆಲವು ವರ್ಷ ಟೆಲಿಗ್ರಾಫ್ ಕೆಲಸ ಮಾಡಿ 1874ರಲ್ಲಿ ಬಿಟ್ಟರು. ಮತ್ತೆ ಯಾವ ನೌಕರಿಗೂ ಸೇರಲಿಲ್ಲ. ಮನೆಯಲ್ಲೇ ಕೂತು ವಿದ್ಯುತ್ತು, ಕಾಂತತ್ವದ ಬಗ್ಗೆ ಮ್ಯಾಕ್ಸ್‌ವೆಲ್ಲರ ಸಿದ್ಧಾಂತವನ್ನು ಅರೆದು ಕುಡಿದರು. ಇವತ್ತು ಇಂಜಿನಿಯರಿಂಗ್ ಮಕ್ಕಳು ಕಲಿಯುತ್ತಾರಲ್ಲ, ಆ ನಾಲ್ಕು ಸಮೀಕರಣಗಳು, ಅವುಗಳಿಗೆ ಆ ಚೊಕ್ಕ ರೂಪ ಕೊಟ್ಟವರು ಇವರು. ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಗೆ ಅಡ್ಡ ಬರುವ ಗುಣ), ಇಂಪೀಡೆನ್ಸ್ (ಏರಿಳಿಯುವ ಕರೆಂಟಿಗೆ ಸಿಗುವ ಒಟ್ಟು ಅಡ್ಡಿ) ಎಂಬ ಪದಗಳೂ ಇವರವೇ. 1880ರಲ್ಲಿ ಕೋಆಕ್ಸಿಯಲ್ ಕೇಬಲ್‌ಗೆ (ಒಂದು ತಂತಿಯ ಸುತ್ತ ಇನ್ನೊಂದು ವಾಹಕದ ಕೊಳವೆ ಇರುವ ಕೇಬಲ್) ಪೇಟೆಂಟ್ ಪಡೆದರು.

ಉದ್ದದ ಕೇಬಲ್‌ನಲ್ಲಿ ಕೀರಲು ಸ್ವರ ಬೇಗ ಸೊರಗುತ್ತದೆ, ದಪ್ಪ ಸ್ವರ ಅಷ್ಟು ಸೊರಗುವುದಿಲ್ಲ. ಎರಡರ ವೇಗವೂ ಬೇರೆ. ಆ ತುದಿಯಲ್ಲಿ ಕೇಳುವುದು ಬರೀ ಕಲಸುಮೇಲೋಗರ. ತಂತಿಯ ಇಂಡಕ್ಟೆನ್ಸನ್ನು ಲೆಕ್ಕ ಹಾಕಿ ಹೆಚ್ಚಿಸಿದರೆ ಎಲ್ಲ ಸ್ವರಗಳೂ ಒಟ್ಟಿಗೆ ಸಾಗುತ್ತವೆ ಎಂದು ಹೆವಿಸೈಡ್ 1887ರಲ್ಲಿ ತೋರಿಸಿದರು. ಬ್ರಿಟಿಷ್ ಅಂಚೆ ಇಲಾಖೆಯ ಇಂಜಿನಿಯರ್ ವಿಲಿಯಂ ಪ್ರೀಸ್ ಅವರಿಗೋ ಇಂಡಕ್ಟೆನ್ಸ್ ಅಂದರೆ ಬರೀ ಕೇಡು. ಹೆವಿಸೈಡ್ ತಮ್ಮ ಅಣ್ಣ ಆರ್ಥರ್ ಜೊತೆ ಸೇರಿ ಬರೆದ ಲೇಖನ ಅಚ್ಚಾಗದಂತೆ ಪ್ರೀಸ್ ತಡೆದರು. ಮುಂದೆ ಅಮೆರಿಕದಲ್ಲಿ ಕ್ಯಾಂಪ್‌ಬೆಲ್, ಪ್ಯೂಪಿನ್ ಇಬ್ಬರೂ ಇಂಡಕ್ಟೆನ್ಸ್ ಹೆಚ್ಚಿಸುವ ಆ ಲೋಡಿಂಗ್ ಕಾಯಿಲ್ ರೂಪಿಸಿದರು. ಪೇಟೆಂಟ್‌ನ ದೊಡ್ಡ ಹಣ ಪ್ಯೂಪಿನ್‌ಗೆ ಹೋಯಿತು, ಹೆವಿಸೈಡ್‌ಗೆ ಬಿಡಿಗಾಸಿಲ್ಲ. ಇದು ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದರೂ ಅವರ ಕೈಬಿಡದವರು ಇದ್ದರು. ಬಿಗ್ಸ್ ಎಂಬ ಸಂಪಾದಕರು, ಓದುವವರು ಕಡಿಮೆ ಎಂದು ಗೊತ್ತಿದ್ದೂ, ಆ ಕಷ್ಟದ ಲೇಖನಗಳನ್ನು ಹಾಕುತ್ತಲೇ ಹೋದರು. 1894ರಲ್ಲಿ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘ ಕೊಡಲು ಬಂದ ನೆರವನ್ನು ದಾನವೆಂದು ಬೇಡ ಅಂದುಬಿಟ್ಟಿದ್ದ ಸ್ವಾಭಿಮಾನಿಗೆ, ಫಿಟ್ಜ್‌ಜೆರಾಲ್ಡ್, ಪೆರಿ ಮುಂತಾದ ಗೆಳೆಯರು ಓಡಾಡಿ 1896ರಲ್ಲಿ ವರ್ಷಕ್ಕೆ 120 ಪೌಂಡ್ ಸರ್ಕಾರಿ ಪಿಂಚಣಿ ಕೊಡಿಸಿದರು. ಕೊನೆಗಾಲದಲ್ಲಿ ಇಂಗ್ಲೆಂಡಿನ ಟಾರ್ಕಿ ಊರಿನ ಮನೆಯಲ್ಲಿ ಒಬ್ಬರೇ ಇದ್ದರು. ತಮ್ಮ ಹೆಸರಿನ ಜೊತೆ ಡಿಗ್ರಿ ಬರೆದಂತೆ 'ಡಬ್ಲ್ಯು.ಓ.ಆರ್.ಎಂ.' (ಕೂಡಿಸಿ ಓದಿದರೆ ವರ್ಮ್, ಅಂದರೆ ಹುಳು) ಎಂದು ಸಹಿ ಮಾಡುತ್ತಿದ್ದರು. ಕೇಂಬ್ರಿಡ್ಜಿನ ಭೌತವಿಜ್ಞಾನಿ ಸರ್ಲ್ ಆಗಲೂ ಹೋಗಿ ನೋಡಿಕೊಂಡು ಬರುತ್ತಿದ್ದರು. ಆಕಾಶದಲ್ಲಿ ರೇಡಿಯೋ ಅಲೆಗಳನ್ನು ಬಾಗಿಸುವ ಪದರವೊಂದು ಇರಬಹುದು ಎಂದು ಹೆವಿಸೈಡ್ 1902ರಲ್ಲಿ ಬರೆದಿದ್ದರು. 1924ರ ಕೊನೆಗೆ ಭೌತವಿಜ್ಞಾನಿ ಆಪಲ್ಟನ್ ಅದನ್ನು ಪ್ರಯೋಗದಿಂದ ಖಚಿತ ಮಾಡಿದರು. 1925ರ ಫೆಬ್ರವರಿ 3ರಂದು ಹೆವಿಸೈಡ್ ತೀರಿಕೊಂಡರು.

ನನ್ನ ಸರ್ವಿಸ್‌ನಲ್ಲೇ ಪಿಸಿಎಂ (ಮಾತನ್ನು ಅಂಕಿಗಳಾಗಿಸಿ ಕಳಿಸುವ ವಿಧಾನ) ಬಂತು. ಸುರುಳಿ ತೆಗೆದು ಅದೇ ಮ್ಯಾನ್‌ಹೋಲ್‌ಗಳಲ್ಲಿ ಸೊರಗಿದ ಸಂಕೇತವನ್ನು ಮತ್ತೆ ಚುರುಕುಮಾಡುವ ರಿಪೀಟರ್ ಇಟ್ಟೆವು. ಆಮೇಲೆ ಫೈಬರ್ ಬಂತು. ಮಳೆಗಾಲದ ರಾತ್ರಿ ಕೇಬಲ್ ಫಾಲ್ಟ್ ಹುಡುಕುವಾಗ ಜೊತೆಗೆ ಟಾರ್ಚ್ ಹಿಡಿದು ನಿಂತ ಎಲ್ಲರಿಗೂ, ಎಷ್ಟು ಹೊತ್ತಿಗೆ ಬಂದರೂ ಬಿಸಿ ಊಟ ಬಡಿಸಿದ ನನ್ನ ಹೆಂಡತಿಗೂ ಕೈಮುಗಿಯುತ್ತೇನೆ. ಈಗ ಸಮಯ ಬೇಕಾದಷ್ಟಿದೆ. ಐಟಿಐ, ಡಿಪ್ಲೊಮಾ ಮಕ್ಕಳಿಗೆ ಹೆವಿಸೈಡ್ ಬಗ್ಗೆ, ಟ್ರಾನ್ಸ್‌ಮಿಷನ್ ಲೈನ್ ಬಗ್ಗೆ ಕನ್ನಡದಲ್ಲಿ ಪಾಠ ಬೇಕಿದ್ದರೆ ಕರೆಯಿರಿ, ಬಸ್ ಚಾರ್ಜೂ ಬೇಡ, ಬರುತ್ತೇನೆ.